ಎಸೆದ ಚೆಂಡಿಗೆ ಲೆಕ್ಕವಿಲ್ಲ

2025ರ ಆಗಸ್ಟ್ 4ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಮೊಹಮ್ಮದ್ ಸಿರಾಜ್ ಕೊನೆಯ ವಿಕೆಟ್ ಕಿತ್ತು ಭಾರತಕ್ಕೆ ಆರು ರನ್‌ಗಳ ಗೆಲುವು ತಂದುಕೊಟ್ಟರು. ಸರಣಿ 2–2ಕ್ಕೆ ನಿಂತಿತು. ಐದೂ ಟೆಸ್ಟ್ ಆಡಿದ ಸಿರಾಜ್ ಎಸೆದದ್ದು 185.3 ಓವರ್, ಅಂದರೆ 1,113 ಚೆಂಡು. ಅದೇ ಸರಣಿಯಲ್ಲಿ ಜಸ್‌ಪ್ರೀತ್ ಬುಮ್ರಾ ಆಡಿದ್ದು ಮೂರೇ ಟೆಸ್ಟ್. ಬೆನ್ನಿನ ತೊಂದರೆಯಿಂದ ಚೇತರಿಸಿಕೊಂಡು ಬಂದವರಾದ್ದರಿಂದ ಐದೂ ಆಡಿಸುವುದಿಲ್ಲ ಎಂದು ಆಯ್ಕೆ ಸಮಿತಿ ಮೊದಲೇ ಹೇಳಿತ್ತು. ಭಾರತ ಗೆದ್ದ ಎರಡು ಟೆಸ್ಟ್‌ಗಳೂ ಬುಮ್ರಾ ಇಲ್ಲದವು ಎಂಬುದು ಟೀಕಾಕಾರರಿಗೆ ಹಬ್ಬವಾಯಿತು. ‘ವರ್ಕ್‌ಲೋಡ್’ ಎಂಬ ಮಾತನ್ನೇ ಭಾರತೀಯ ಕ್ರಿಕೆಟ್ಟಿನಿಂದ ತೆಗೆದುಹಾಕಿ, ಗಡಿ ಕಾಯುವ ಸೈನಿಕ ಚಳಿಯೆಂದು ದೂರುತ್ತಾನೆಯೇ ಎಂಬರ್ಥದಲ್ಲಿ ಸುನಿಲ್ ಗಾವಸ್ಕರ್ ಗುಡುಗಿದರು.

ಮುಂಬೈಯಲ್ಲಿ ಕುಳಿತು ನೋಡುವವರಿಗೆ ಇದು ಮನೆಯೊಳಗಿನ ಜಗಳ. ಗಾವಸ್ಕರ್ ಆಡಿ ಬೆಳೆದದ್ದು ದಾದರ್ ಯೂನಿಯನ್ ಕ್ಲಬ್ಬಿನಲ್ಲಿ. ಬುಮ್ರಾರನ್ನು ಅಳೆದು ತೂಗಿ ಆಡಿಸಿದ ಆಯ್ಕೆ ಸಮಿತಿಯ ಅಧ್ಯಕ್ಷ ಅಜಿತ್ ಅಗರ್ಕರ್ ದಾದರಿನ ಶಿವಾಜಿ ಪಾರ್ಕಿನ ಹುಡುಗ, ರಮಾಕಾಂತ್ ಅಚ್ರೇಕರ್ ಅವರ ಶಿಷ್ಯ. ಒಬ್ಬರು ಹೊಸ ಚೆಂಡನ್ನು ಎದುರಿಸಿ ದೊಡ್ಡವರಾದವರು, ಇನ್ನೊಬ್ಬರು ಅದನ್ನು ಎಸೆದು ದೊಡ್ಡವರಾದವರು. ಅಭಿಪ್ರಾಯದಲ್ಲಿ ವ್ಯತ್ಯಾಸ ಬರುವುದು ಸಹಜವೇ.

ಆದರೆ ಇಬ್ಬರ ವಾದವೂ ಬಹಳ ತಡವಾಗಿ ಶುರುವಾಗುತ್ತದೆ ಎಂದು ನನಗನಿಸುತ್ತದೆ. ಮೂವತ್ತು ದಾಟಿದ, ಬಗಲಲ್ಲಿ ಫಿಸಿಯೋ, ಬೆನ್ನ ಹಿಂದೆ ಮಂಡಳಿಯ ದುಡ್ಡು ಇರುವ ಬೌಲರ್ ಎಷ್ಟು ಎಸೆಯಬೇಕೆಂಬುದಕ್ಕೆ ಟಿವಿಯಲ್ಲಿ ದಿನವಿಡೀ ಚರ್ಚೆ ನಡೆಯುತ್ತದೆ. ಹದಿನಾಲ್ಕರಿಂದ ಹತ್ತೊಂಬತ್ತರ ನಡುವಿನ ಹುಡುಗ ಈ ವಾರ ಎಷ್ಟು ಎಸೆದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಸಿಗುವುದಿಲ್ಲ, ಯಾಕೆಂದರೆ ಬರೆದಿಟ್ಟವರಿಲ್ಲ.

ಅಂಥ ಹುಡುಗರು ಎಸೆಯುವ ಶಿವಾಜಿ ಪಾರ್ಕನ್ನು ನೋಡದವರಿಗೆ ಎರಡು ಮಾತು. 1925ರಲ್ಲಿ ಪಾಲಿಕೆ ಮಾಹಿಮ್ ಪಾರ್ಕ್ ಎಂಬ ಹೆಸರಿನಲ್ಲಿ ಜನರಿಗೆ ತೆರೆದ ಮೈದಾನ ಇದು. 1927ರಲ್ಲಿ ಈಗಿನ ಹೆಸರು ಬಂತು. ಸುತ್ತಲೂ ಕೂರಲು ಕಟ್ಟೆ, ಒಳಗೆ ಒಂದಕ್ಕೊಂದು ತಾಗಿದಂತೆ ನೆಟ್ಸ್‌ಗಳು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತ ತಂದೆತಾಯಿಗಳ ಕಣ್ಣೆಲ್ಲ ಬ್ಯಾಟ್ ಹಿಡಿದವನ ಮೇಲೆ. ಸಚಿನ್ ತೆಂಡೂಲ್ಕರ್ ಇಲ್ಲೇ ಬ್ಯಾಟ್ ಬೀಸಿ ಬೆಳೆದದ್ದರಿಂದ ಈ ಮೈದಾನದ ಕನಸುಗಳಿಗೂ ಬ್ಯಾಟಿನದೇ ಆಕಾರ. ಒಂದು ದಿನ ಅತ್ತ ಬಿಟ್ಟು ಇತ್ತ, ಬೌಲರ್ ಓಡಿಬರುವ ಕಡೆ ನೋಡಿ. ಓಟ ಎಲ್ಲಿಂದ ಶುರು ಎಂಬ ಗುರುತಿಗೆ ನೆಲದ ಮೇಲೆ ಒಂಟಿ ಚಪ್ಪಲಿ. ಕ್ರೀಸ್ ಹತ್ತಿರ ಮುಂಗಾಲು ಬೀಳುವಲ್ಲಿ ಕೆಂಪು ಮಣ್ಣು ಕಿತ್ತುಹೋಗಿ ಅಂಗೈ ಆಳದ ತಗ್ಗು. ಪಾಳಿ ಮುಗಿಯುವಷ್ಟರಲ್ಲಿ ಹುಡುಗರೇ ಬೂಟಿನಿಂದ ಮಣ್ಣು ತಳ್ಳಿ ಅದನ್ನು ತುಂಬುತ್ತಾರೆ, ಮರುದಿನ ಮತ್ತೆ ಅದೇ ಜಾಗದಲ್ಲಿ ಅದೇ ತಗ್ಗು. ನೆಲಕ್ಕೆ ಇಷ್ಟಾದರೆ ನೆಲಕ್ಕೆ ಬಡಿದ ಕಾಲಿಗೆ, ಕಾಲಿನ ಮೂಲಕ ಸೊಂಟಕ್ಕೆ ಎಷ್ಟಾಗಿರಬೇಕು?

ವೇಗವಾಗಿ ಓಡಿಬಂದ ಬೌಲರ್ ಮುಂಗಾಲನ್ನು ಊರಿ ಗಕ್ಕನೆ ನಿಲ್ಲುತ್ತಾನೆ. ಆ ಕ್ಷಣದಲ್ಲಿ ನೆಲದಿಂದ ಕಾಲಿಗೆ ವಾಪಸ್ ಬರುವ ಹೊಡೆತ ಅವನ ದೇಹದ ತೂಕದ ಐದಾರು ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು. ಅದೇ ಕ್ಷಣದಲ್ಲಿ ಸೊಂಟ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ಮುಂದಕ್ಕೆ ತಿರುಗುತ್ತಿರುತ್ತದೆ. ಮೂರೂ ಒಟ್ಟಿಗೆ. ಈ ಭಾರ ಹೋಗಿ ಕೂರುವುದು ಬೆನ್ನುಹುರಿಯನ್ನು ಕಾಯುವ ಮೂಳೆಮಣಿಗಳ ಸಾಲಿನಲ್ಲಿ ಸೊಂಟದ ಕೆಳಭಾಗದ ನಾಲ್ಕನೆಯ ಮತ್ತು ಐದನೆಯ ಮಣಿಗಳ ಹಿಂಬದಿಯ ತೆಳು ಸೇತುವೆಯ ಮೇಲೆ. ಬಲಗೈ ಬೌಲರ್ ಆದರೆ ಸಾಮಾನ್ಯವಾಗಿ ಎಡಬದಿ, ಎಡಗೈಯವನಾದರೆ ಬಲಬದಿ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಅದೇ ಸ್ಟ್ರೆಸ್ ಫ್ರ್ಯಾಕ್ಚರ್. ಬಿದ್ದು ಮುರಿದದ್ದಲ್ಲ, ಯಾರೂ ಹೊಡೆದದ್ದಲ್ಲ. ಹಾಗಾಗಿ ಯಾವ ದಿನ ಆಯಿತೆಂದು ಹುಡುಗನಿಗೂ ಗೊತ್ತಿರುವುದಿಲ್ಲ.

ಇಲ್ಲಿಯೇ ಮೂಳೆಯ ಒಂದು ಗುಣವನ್ನು ತಿಳಿದುಕೊಳ್ಳಬೇಕು. ಭಾರ ಬಿದ್ದ ಮೂಳೆಯನ್ನು ದೇಹ ಸುಮ್ಮನೆ ಬಿಡುವುದಿಲ್ಲ, ರಿಪೇರಿಗೆ ಇಳಿಯುತ್ತದೆ. ಅದು ಮುಂಬೈ ಪಾಲಿಕೆ ರಸ್ತೆ ರಿಪೇರಿ ಮಾಡಿದಂತೆಯೇ. ಮೊದಲು ಹಳೆಯದನ್ನು ಅಗೆದು ಹಾಕುವುದು, ಆಮೇಲೆ ಹೊಸದನ್ನು ಹಾಕುವುದು. ಅಗೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ತುಂಬುವ ಕೆಲಸಕ್ಕೆ ತಿಂಗಳುಗಳು ಬೇಕು. ಅಗೆದು ಇನ್ನೂ ತುಂಬದ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಅದೇ ಹೊತ್ತಿಗೆ ಮತ್ತೆ ಲಾರಿ ಓಡಿಸಿದರೆ ಏನಾಗುತ್ತದೆಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಟ್ರೇಲಿಯಾದ ಜಾನ್ ಆರ್ಚರ್ಡ್ ಎಂಬ ಕ್ರೀಡಾ ವೈದ್ಯರು ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಲೆಕ್ಕದಲ್ಲಿ ತೋರಿಸಿತು. ಒಂದೇ ಪಂದ್ಯದಲ್ಲಿ 50ಕ್ಕಿಂತ ಹೆಚ್ಚು ಓವರ್ ಎಸೆದ ವೇಗಿಗಳಲ್ಲಿ ಗಾಯದ ಪ್ರಮಾಣ ಏರಿದ್ದು ಆ ಪಂದ್ಯದ ನಂತರದ ಮೂರು ನಾಲ್ಕು ವಾರಗಳಲ್ಲಿ. ನೋವು ಬಂದ ದಿನದ ಪಂದ್ಯವನ್ನು ಬೈಯುತ್ತೇವೆ, ತಪ್ಪು ನಡೆದದ್ದು ಕಳೆದ ತಿಂಗಳು. ಲೆಕ್ಕದ ಪುಸ್ತಕ ಇಲ್ಲದಿದ್ದರೆ ಕಳೆದ ತಿಂಗಳು ಏನು ನಡೆಯಿತೆಂದು ಹೇಳುವವರಾರು?

ಅದಕ್ಕೂ ಮೊದಲು, 2003ರಲ್ಲಿ, ಆಸ್ಟ್ರೇಲಿಯಾದ್ದೇ ಇನ್ನೊಂದು ಅಧ್ಯಯನ ಬಂದಿತ್ತು. ವಾರಕ್ಕೆ ಸರಾಸರಿ 188ಕ್ಕಿಂತ ಹೆಚ್ಚು ಚೆಂಡು ಎಸೆದವರಿಗೆ ಗಾಯದ ಅಪಾಯ ಹೆಚ್ಚು. ಅದರ ಜೊತೆಗೆ 123ಕ್ಕಿಂತ ಕಡಿಮೆ ಎಸೆದವರಿಗೂ ಅಪಾಯ ಹೆಚ್ಚು ಎಂದು ಅದು ಹೇಳಿತು. ಈ ಎರಡನೆಯ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಹುಡುಗನನ್ನು ಮನೆಯಲ್ಲಿ ಕೂರಿಸುವುದೇ ಮದ್ದು ಎಂದುಕೊಂಡವರಿಗೆ ಇದು ಉತ್ತರ. ಎಸೆಯದ ದೇಹ ಎಸೆತಕ್ಕೆ ಸಿದ್ಧವಾಗುವುದಿಲ್ಲ. ಅಪಾಯ ಹೆಚ್ಚಾಗಿ ಇರುವುದು ಜಿಗಿತದಲ್ಲಿ: ಮೂವತ್ತು ಚೆಂಡಿನ ವಾರದಿಂದ ಮುನ್ನೂರು ಚೆಂಡಿನ ವಾರಕ್ಕೆ ಒಮ್ಮೆಲೇ ಹಾರುವುದರಲ್ಲಿ.

ಈಗ ದಾದರಿನ ಹುಡುಗನೊಬ್ಬನ ವರ್ಷವನ್ನು ಕ್ಯಾಲೆಂಡರ್ ಹಿಡಿದು ನೋಡಿ. ಫೆಬ್ರವರಿ–ಮಾರ್ಚ್ ಬಂತೆಂದರೆ ಹತ್ತನೆಯ, ಹನ್ನೆರಡನೆಯ ತರಗತಿಯವರಿಗೆ ಬೋರ್ಡ್ ಪರೀಕ್ಷೆ. ಮನೆಯಲ್ಲಿ ಬ್ಯಾಟು ಚೆಂಡು ಅಟ್ಟ ಸೇರುತ್ತವೆ. ಪರೀಕ್ಷೆ ಮುಗಿದ ವಾರವೇ ಬೇಸಿಗೆ ಶಿಬಿರ: ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ಎರಡು ತಿಂಗಳು ಕೈಯೆತ್ತದವನು ದಿನಕ್ಕೆರಡು ಸಲ ಓಡಿಬಂದು ಎಸೆಯುತ್ತಾನೆ. ಇದು ಮೊದಲ ಜಿಗಿತ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮೈದಾನ ಕೆಸರು, ನೆಟ್ಸ್ ಬಂದ್. ಕ್ಲಬ್ಬಿನ ಹುಡುಗರಿಗೆ 1948ರಿಂದ ನಡೆದುಬಂದಿರುವ ಕಾಂಗಾ ಲೀಗ್ ಇದೆ. ಮಳೆಯಲ್ಲೇ ಆಡುವ ಪಂದ್ಯಾವಳಿ ಅದು, ಜಾರುವ ನೆಲದಲ್ಲಿ ಮುಂಗಾಲು ಊರುವ ಕಸರತ್ತು. ಮಳೆ ನಿಂತ ಮೇಲೆ ಶಾಲೆಯವರಿಗೆ ಗೈಲ್ಸ್ ಶೀಲ್ಡ್, ಹ್ಯಾರಿಸ್ ಶೀಲ್ಡ್. ಅಲ್ಲಿ ಎರಡನೆಯ ಜಿಗಿತ. ನಡುವೆ ಡಿಸೆಂಬರ್ 6ರ ಮಹಾಪರಿನಿರ್ವಾಣ ದಿನಕ್ಕೆ ಚೈತ್ಯಭೂಮಿಗೆ ಬರುವ ಲಕ್ಷಾಂತರ ಜನರಿಗೆ ಈ ಪಾರ್ಕ್ ಆಸರೆಯಾಗುತ್ತದೆ, ದಸರಾ ಹೊತ್ತಿಗೆ ರಾಜಕೀಯ ಸಭೆ ನಡೆಯುತ್ತದೆ. ಜನರ ಮೈದಾನ ಅದು, ಹಾಗೆಯೇ ಇರಬೇಕು. ತಪ್ಪು ಮೈದಾನದ್ದಲ್ಲ. ನಾಲ್ಕು ದಿನ ಬಿಟ್ಟುಹೋದ ಅಭ್ಯಾಸವನ್ನು ಐದನೆಯ ದಿನ ಬಡ್ಡಿ ಸಮೇತ ತೀರಿಸಿಕೊಳ್ಳುವ ಉತ್ಸಾಹದ್ದು.

ಒಂದು ವಾರದ ಲೆಕ್ಕ ಹಾಕೋಣ. ಒಂದು ನೆಟ್‌ನಲ್ಲಿ ಐವರು ಬೌಲರ್‌ಗಳು ಸರದಿಯಲ್ಲಿ ಎಸೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬನಿಗೆ ಎರಡು ನಿಮಿಷಕ್ಕೊಂದು ಚೆಂಡು. ಎರಡು ಗಂಟೆಯಲ್ಲಿ 60 ಚೆಂಡು, ಅಂದರೆ ಹತ್ತು ಓವರ್. ವಾರಕ್ಕೆ ಐದು ದಿನವಾದರೆ 300 ಚೆಂಡು. ಭಾನುವಾರ ಪಂದ್ಯದಲ್ಲಿ 12 ಓವರ್ ಎಸೆದರೆ ಇನ್ನೊಂದು 72. ಒಟ್ಟು 372. ಪೂರ್ಣ ಬೆಳೆದ, ಸಂಬಳ ಪಡೆಯುವ ಆಸ್ಟ್ರೇಲಿಯಾದ ಬೌಲರ್‌ಗಳಿಗೆ ಅಪಾಯದ ಗೆರೆ ಎಂದು ಕಂಡ 188ರ ಹತ್ತಿರ ಹತ್ತಿರ ಎರಡರಷ್ಟು. ಸ್ಕೋರ್ ಪುಸ್ತಕದಲ್ಲಿ ದಾಖಲಾಗುವುದು ಭಾನುವಾರದ 72 ಮಾತ್ರ. ಉಳಿದ ಮುನ್ನೂರು ಗಾಳಿಗೆ ಹೋದವು. ನೋವು ಬಂದಾಗ ಕೋಚ್ ಅದೇ ಪುಸ್ತಕ ತೆರೆದು, ‘ಹನ್ನೆರಡೇ ಓವರ್ ಹಾಕಿದ್ದಾನಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ಹುಡುಗ ಒಬ್ಬನೇ, ಯಜಮಾನರು ಹಲವರು ಎಂಬುದು ಇದರ ಬೇರು. ಶಾಲೆಗೋ ಕಾಲೇಜಿಗೋ ಒಂದು ತಂಡ. ಅಕಾಡೆಮಿಗೆ ಇನ್ನೊಂದು. ಕ್ಲಬ್ಬಿಗೆ ಮತ್ತೊಂದು. ಮುಂಬೈ ಕ್ರಿಕೆಟ್ ಸಂಸ್ಥೆಯ ವಯೋಮಿತಿ ತಂಡದ ಆಯ್ಕೆ ಶಿಬಿರ ಬಂದರೆ ಅಲ್ಲಿ ಎಲ್ಲರಿಗಿಂತ ಜೋರಾಗಿ ಎಸೆದು ತೋರಿಸಬೇಕು. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ರಾತ್ರಿಯ ಟೆನಿಸ್ ಬಾಲ್ ಪಂದ್ಯಾವಳಿಗಳು ಕರೆಯುತ್ತವೆ. ಅಲ್ಲಿ ದುಡ್ಡಿದೆ. ಮನೆ ಬಾಡಿಗೆಗೆ ನೆರವಾಗುವ ದುಡ್ಡನ್ನು ಬೇಡವೆನ್ನಲು ನಾವ್ಯಾರು? ರುಯಿಯಾ, ರೂಪಾರೆಲ್, ಪೋದಾರ್, ಕೀರ್ತಿ ಎಂದು ದಾದರ್–ಮಾಟುಂಗಾ ಸುತ್ತ ಕಾಲೇಜುಗಳಿಗೇನೂ ಬರವಿಲ್ಲ. ಅಲ್ಲಿ ಆಟದ ಕೋಟಾದಿಂದ ಸೀಟು ಪಡೆದ ಹುಡುಗನಿಗೆ ‘ಇವತ್ತು ಸೊಂಟ ನೋಯುತ್ತಿದೆ ಸರ್’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಅವನನ್ನು ಸೇರಿಸಿಕೊಂಡದ್ದೇ ಆ ಸೊಂಟಕ್ಕಾಗಿ. ಇನ್ನು ವಿರಾರ್‌ನಿಂದಲೋ ಕಲ್ಯಾಣದಿಂದಲೋ ಬರುವವನಾದರೆ ಕಿಟ್ ಹೊತ್ತು ಲೋಕಲ್ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತು ದಾದರಿನಲ್ಲಿ ಇಳಿಯುವುದೂ ಒಂದು ಸ್ಪೆಲ್ಲೇ. ಅದನ್ನು ಯಾವ ವಿಜ್ಞಾನಿಯೂ ಎಣಿಸಿಲ್ಲ.

ಕಾಲೇಜು ಆಟಗಾರರ ಈ ಪಾಡನ್ನು ಬಹುಕಾಲದಿಂದ ಚರ್ಚಿಸುತ್ತಾ ಬಂದದ್ದು ಅಮೆರಿಕದ ಬೇಸ್‌ಬಾಲ್. ಅಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ಓಟವಿಲ್ಲ, ಮಣ್ಣಿನ ದಿಬ್ಬದ ಮೇಲೆ ನಿಂತ ಜಾಗದಿಂದಲೇ ತೋಳು ಬೀಸಬೇಕು. ಮೊಣಕೈ ಮಡಿಸಿ ಬಿಡಿಸುವುದರಿಂದ ಪೆಟ್ಟು ಬೀಳುವುದು ಮೊಣಕೈಯ ಒಳಬದಿಯ ಕಟ್ಟಿಗೆ. ಕ್ರಿಕೆಟ್ಟಿನಲ್ಲಿ ಎಸೆಯುವಾಗ ಮೊಣಕೈ ಬಿಡಿಸಬಾರದೆಂಬ ನಿಯಮ ನಮ್ಮ ಮೊಣಕೈಯನ್ನು ಉಳಿಸಿ ಭಾರವನ್ನು ಸೊಂಟಕ್ಕೆ ವರ್ಗಾಯಿಸಿದೆ. ಹಾಗೆಂದು ತೋಳು ಪೂರ್ತಿ ಪಾರಾಗಿಲ್ಲ. ನಮ್ಮ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗೆ ಕೂತಿದ್ದನ್ನು ಓದುಗರು ಮರೆತಿರಲಾರರು.

1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ನ ಹರಿದ ಮೊಣಕೈ ಕಟ್ಟಿನ ಜಾಗಕ್ಕೆ ಡಾ. ಫ್ರಾಂಕ್ ಜೋಬ್ ಅವನದೇ ಮೈಯ ಇನ್ನೊಂದು ಸ್ನಾಯುರಜ್ಜು ತಂದು ಕಟ್ಟಿದರು. ಆಟಗಾರ 1976ರಲ್ಲಿ ಮರಳಿ 1989ರವರೆಗೆ ಆಡಿದ. ಒಳ್ಳೆಯ ಸುದ್ದಿಯೇ. ಆದರೆ ಆ ಯಶಸ್ಸಿನಿಂದಾಗಿ ಮುಂದೆ ಶಸ್ತ್ರಚಿಕಿತ್ಸೆ ಎಂದರೆ ಆಟದ ಒಂದು ಹಂತ ಎಂಬಂತಾಯಿತು, ಹೈಸ್ಕೂಲು ಹುಡುಗರೂ ಸಾಲುಗಟ್ಟಿದರು. ಆಮೇಲೆ ಎಚ್ಚೆತ್ತು ಎಣಿಕೆ ಶುರುಮಾಡಿದರು. ಮಕ್ಕಳ ಲಿಟಲ್ ಲೀಗ್ 2007ರಲ್ಲಿ ಚೆಂಡಿನ ಮಿತಿ ತಂದಿತು. 2014ರಲ್ಲಿ ಬಂದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿ ವಯಸ್ಸಿಗೆ ತಕ್ಕಂತೆ ದಿನದ ಮಿತಿ ಹೇಳಿತು. 15–16 ವಯಸ್ಸಿನವನಿಗೆ 95 ಚೆಂಡು, ಅಷ್ಟು ಎಸೆದರೆ ಮುಂದಿನ ನಾಲ್ಕು ದಿನ ದಿಬ್ಬ ಹತ್ತುವಂತಿಲ್ಲ. 2017ರಿಂದ ಹೈಸ್ಕೂಲು ಆಟಕ್ಕೆ ಪ್ರತಿ ರಾಜ್ಯವೂ ಇಂಥ ಮಿತಿ ಹಾಕಲೇಬೇಕಾಯಿತು. ಹೈಸ್ಕೂಲು ದಾಟಿ ಕಾಲೇಜಿಗೆ ಬಂದರೆ? ಅಲ್ಲಿ ಅಂಥ ಕಡ್ಡಾಯ ಮಿತಿಯೇ ಇಲ್ಲ, ಎಲ್ಲ ಕೋಚ್‌ಗಳ ವಿವೇಕಕ್ಕೆ ಬಿಟ್ಟದ್ದು. ಕೋಚ್‌ನ ನೌಕರಿ ಈ ವರ್ಷದ ಗೆಲುವಿನ ಮೇಲೆ ನಿಂತಿದೆ, ಹುಡುಗನ ಮೊಣಕೈ ಮುಂದಿನ ಹದಿನೈದು ವರ್ಷ ಬಾಳಬೇಕು. ಇಬ್ಬರ ಅವಧಿ ಹೊಂದುವುದಿಲ್ಲ. ಮುಂಬೈ ಕಾಲೇಜುಗಳ ಕತೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಜಪಾನಿನ ಉದಾಹರಣೆ ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ಅಲ್ಲಿನ ಹೈಸ್ಕೂಲು ಬೇಸ್‌ಬಾಲ್ ಪಂದ್ಯಾವಳಿ ಕೋಶಿಯೆನ್ ಎಂದರೆ ದೇಶಕ್ಕೇ ಹಬ್ಬ. 2018ರ ಬೇಸಿಗೆಯಲ್ಲಿ ಕೃಷಿ ಶಾಲೆಯೊಂದರ ಪಿಚರ್ ಕೋಸೆ ಯೋಶಿದಾ ತನ್ನ ತಂಡವನ್ನು ಫೈನಲ್ಲಿಗೆ ಒಯ್ದ. ಆ ಒಂದೇ ಪಂದ್ಯಾವಳಿಯಲ್ಲಿ ಅವನು ಎಸೆದದ್ದು 881 ಚೆಂಡು. ದೇಶ ಕಣ್ಣೀರಿಟ್ಟು ಚಪ್ಪಾಳೆ ತಟ್ಟಿತು, ಆಮೇಲೆ ನಾಚಿಕೊಂಡಿತು. 2020ರಿಂದ ಅಲ್ಲಿ ಒಬ್ಬ ಹುಡುಗ ವಾರಕ್ಕೆ 500ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ಐನೂರು ಕೂಡ ಬಹಳವಾಯಿತು ಎನ್ನುವವರಿದ್ದಾರೆ, ನಾನೂ ಅವರ ಸಾಲಿನವನೇ. ಆದರೂ ಎಣಿಸುವುದಂತೂ ಶುರುವಾಯಿತು.

ಕ್ರಿಕೆಟ್ಟಿನಲ್ಲಿ ಇಂಗ್ಲೆಂಡ್ ಮಂಡಳಿ ಬಹಳ ವರ್ಷಗಳಿಂದಲೇ ಹುಡುಗರ ವೇಗದ ಬೌಲಿಂಗ್‌ಗೆ ಕಟ್ಟಳೆ ಮಾಡಿತ್ತು. 13 ವರ್ಷದೊಳಗಿನವನಿಗೆ ಒಂದು ಸ್ಪೆಲ್‌ನಲ್ಲಿ 5 ಓವರ್, ದಿನಕ್ಕೆ 10. ಹದಿನಾಲ್ಕು–ಹದಿನೈದರವನಿಗೆ 6 ಮತ್ತು 12. ಹದಿನಾರು–ಹದಿನೇಳರವನಿಗೆ 7 ಮತ್ತು 18. ಅದು ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆ ನಾಯಕನ ಜೊತೆಗೆ ಅಂಪೈರ್‌ಗೂ ಇತ್ತು. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಬೇಡ, ಸತತ ಎರಡು ದಿನಕ್ಕಿಂತ ಹೆಚ್ಚು ಬೇಡ ಎಂಬ ಸಲಹೆಯೂ ಅದರಲ್ಲಿ ಇತ್ತು. ನೆಟ್ಸ್‌ನ ಚೆಂಡುಗಳ ಮಟ್ಟಿಗೆ ಅವರಿಗೂ ಕೋಚ್‌ನ ಪ್ರಾಮಾಣಿಕತೆಯೇ ಗತಿ.

ಹುಡುಗರಿಗೇ ಯಾಕೆ ಇಷ್ಟು ಕಟ್ಟುನಿಟ್ಟು? ಸೊಂಟದ ಮೂಳೆ ಪೂರ್ತಿ ಗಟ್ಟಿಯಾಗಲು ಇಪ್ಪತ್ತರ ನಡುಭಾಗ ಬೇಕು. ಹದಿಮೂರು–ಹದಿನಾರರಲ್ಲಿ ಹುಡುಗ ಒಮ್ಮೆಲೇ ಉದ್ದವಾಗುತ್ತಾನೆ, ಎಲುಬು ಉದ್ದವಾದ ವೇಗಕ್ಕೆ ಅದರೊಳಗಿನ ಸಾಂದ್ರತೆ ಏರುವುದಿಲ್ಲ. ಕೋಚ್‌ಗಳ ಕಣ್ಣಿಗೆ ಅವನು ಬೀಳುವುದೂ ಆಗಲೇ: ‘ಎತ್ತರ ಚೆನ್ನಾಗಿದೆ, ಫಾಸ್ಟ್ ಹಾಕಿಸೋಣ.’ ಪ್ಯಾಟ್ ಕಮಿನ್ಸ್ 2011ರ ನವೆಂಬರ್‌ನಲ್ಲಿ 18ನೆಯ ವಯಸ್ಸಿಗೆ ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿ ಏಳು ವಿಕೆಟ್ ಪಡೆದ. ಎರಡನೆಯ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ನಮ್ಮ ರಾಂಚಿಯಲ್ಲಿ. ನಡುವಿನ ಐದೂ ಕಾಲು ವರ್ಷದ ಬಹುಭಾಗವನ್ನು ಬೆನ್ನಿನ ಬಿರುಕುಗಳೇ ತಿಂದವು. ಆಸ್ಟ್ರೇಲಿಯಾ ಕಾದದ್ದರಿಂದ ಅವರಿಗೊಬ್ಬ ನಾಯಕ ಸಿಕ್ಕ. ನಮ್ಮಲ್ಲಿ 2018ರ ಕಿರಿಯರ ವಿಶ್ವಕಪ್ ಗೆದ್ದ ತಂಡದ ವೇಗಿಗಳಾದ ಕಮಲೇಶ್ ನಾಗರಕೋಟಿ, ಶಿವಂ ಮಾವಿ ಇಬ್ಬರಿಗೂ ಬೆನ್ನೇ ಕೈಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಗಂಟೆಗೆ 156.7 ಕಿಲೋಮೀಟರ್ ವೇಗದ ಚೆಂಡೆಸೆದ ಮಯಂಕ್ ಯಾದವ್ ಆ ಐಪಿಎಲ್‌ನಲ್ಲಿ ಆಡಿದ್ದು ನಾಲ್ಕೇ ಪಂದ್ಯ. ಸ್ಪೀಡ್ ಗನ್ ಬಂದ ಮೇಲೆ ಎಣಿಕೆಯೊಂದೇ ಸಾಲದಾಗಿದೆ. ಪ್ರತಿ ಚೆಂಡನ್ನೂ ಪ್ರಾಣ ಒತ್ತೆಯಿಟ್ಟು ಎಸೆಯುವ ಹುಡುಗನ ನೂರು, ಅಳೆದು ಎಸೆಯುವವನ ನೂರೈವತ್ತಕ್ಕಿಂತ ಭಾರ.

‘ಕಪಿಲ್ ದೇವ್‌ಗೆ ಯಾವ ವರ್ಕ್‌ಲೋಡ್ ಇತ್ತು?’ ಈ ಪ್ರಶ್ನೆ ಬಂದೇ ಬರುತ್ತದೆ. ಕಪಿಲ್ 131 ಟೆಸ್ಟ್ ಆಡಿದರು, ತಪ್ಪಿದ ಒಂದೇ ಟೆಸ್ಟ್ ಕೂಡ ಗಾಯಕ್ಕಲ್ಲ, ಆಯ್ಕೆಗಾರರ ಸಿಟ್ಟಿಗೆ. ಅದು ನಿಜ. ಆದರೆ ಉಳಿದು ಬಂದವರನ್ನು ಮಾತ್ರ ನಾವು ನೆನಪಿಟ್ಟುಕೊಳ್ಳುತ್ತೇವೆ. ಹದಿನೇಳಕ್ಕೆ ಬೆನ್ನು ಹಿಡಿದುಕೊಂಡು ಬ್ಯಾಂಕ್ ಪರೀಕ್ಷೆಗೆ ಓದಲು ಕೂತವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಕಪಿಲ್‌ಗಿಂತ ಹಿಂದಿನ ಮುಂಬೈಯವರೊಬ್ಬರನ್ನು ನೆನೆಯುತ್ತೇನೆ: ರಮಾಕಾಂತ್ ದೇಸಾಯಿ. ಕುಳ್ಳ ದೇಹ, ‘ಟೈನಿ’ ಎಂದೇ ಹೆಸರು. 1959ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ವಯಸ್ಸು ಹತ್ತೊಂಬತ್ತು. ಒಂದೇ ಇನಿಂಗ್ಸ್‌ನಲ್ಲಿ ಅವರಿಂದ 49 ಓವರ್ ಹಾಕಿಸಿದರು. ಇಪ್ಪತ್ತೆಂಟರ ಹೊತ್ತಿಗೆ ಅವರ ಟೆಸ್ಟ್ ಬದುಕು ಮುಗಿಯಿತು, 28 ಟೆಸ್ಟ್, 74 ವಿಕೆಟ್. ಅದಕ್ಕೆ ಆ 49 ಓವರ್‌ಗಳೇ ಕಾರಣ ಎಂದು ನಾನು ಹೇಳುವುದಿಲ್ಲ. ಇನ್ನೊಂದು ತುದಿಯಿಂದ ಹಾಕಲು ಆಗ ವೇಗಿಗಳೇ ಇರಲಿಲ್ಲ ಎಂಬುದೂ ಗೊತ್ತಿದೆ. ಹತ್ತೊಂಬತ್ತರ ಹುಡುಗನಿಂದ ಒಂದೇ ಇನಿಂಗ್ಸ್‌ನಲ್ಲಿ 294 ಚೆಂಡು ಹಾಕಿಸುವುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಗಾವಸ್ಕರ್ ಮೆಚ್ಚಿದ ಆ ಓವಲ್ ಟೆಸ್ಟ್‌ಗೇ ಮರಳಿದರೆ, ಸಿರಾಜ್‌ರ ಜೊತೆಯಲ್ಲಿ ಬೌಲ್ ಮಾಡಿ ಎರಡೂ ಇನಿಂಗ್ಸ್‌ಗಳಲ್ಲಿ ನಾಲ್ಕು ನಾಲ್ಕು ವಿಕೆಟ್ ಪಡೆದದ್ದು ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿ 2022ರ ಆಗಸ್ಟ್‌ನಿಂದ 2023ರ ಆಗಸ್ಟ್‌ವರೆಗೆ, ಪೂರಾ ಒಂದು ವರ್ಷ, ಭಾರತಕ್ಕೆ ಆಡದೆ ಇದ್ದವರು. ಮರಳಿ ಬಂದದ್ದು ಐರ್ಲೆಂಡ್‌ನಲ್ಲಿ, ಬುಮ್ರಾ ಮರಳಿದ ಅದೇ ಸರಣಿಯಲ್ಲಿ. ಆ ವರ್ಷ ಅವರನ್ನು ಅವಸರದಿಂದ ಎಳೆದು ತಂದಿದ್ದರೆ ಓವಲ್‌ನ ಆ ಎಂಟು ವಿಕೆಟ್ ಯಾರು ತೆಗೆಯುತ್ತಿದ್ದರು? ಸಿರಾಜ್‌ರ ಛಲವನ್ನು ಕೊಂಡಾಡೋಣ. ಪ್ರಸಿದ್ಧ್‌ರ ವಿಶ್ರಾಂತಿಯನ್ನೂ ಜೊತೆಗೇ ಎಣಿಸೋಣ. ಈ ವಾದದಲ್ಲಿ ನನ್ನ ಮತ ಅಗರ್ಕರ್‌ಗೆ.

ವಿಶ್ರಾಂತಿ, ಚಿಕಿತ್ಸೆ ಎಲ್ಲ ಭಾರತ ತಂಡದವರಿಗೆ ಕ್ರಿಕೆಟ್ ಮಂಡಳಿಯ ಬೆಂಗಳೂರಿನ ಕೇಂದ್ರದಲ್ಲಿ ಸಿಗುತ್ತದೆ. ದಾದರಿನ ಕಾಲೇಜು ಹುಡುಗನಿಗೆ ಸಿಗುವುದು ತಾಯಿ ಹಚ್ಚುವ ಬಾಮು ಮತ್ತು ‘ಸೊಂಟ ಹಿಡ್ಕೊಂಡಿದೆ ಅಷ್ಟೆ, ಎರಡು ದಿನದಲ್ಲಿ ಬಿಡುತ್ತೆ’ ಎಂಬ ಸಮಾಧಾನ. ಎರಡು ದಿನದಲ್ಲಿ ಬಿಡುವುದೂ ಉಂಟು, ಅದೇ ಮೋಸ. ಸೊಂಟದ ಒಂದೇ ಬದಿಯಲ್ಲಿ, ಬೌಲ್ ಮಾಡುವ ಕೈಯ ಎದುರು ಬದಿಯಲ್ಲಿ ನೋವು. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಚುಚ್ಚಿದಂತಾಗುವುದು. ವಿಶ್ರಾಂತಿಯಲ್ಲಿ ಮಾಯವಾಗಿ ಬೌಲ್ ಮಾಡಿದ ಕೂಡಲೇ ಮರಳುವುದು. ಇಷ್ಟು ಕಂಡರೆ ಮಾಲಿಷ್ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಬೇಕು. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚು, ಎಂಆರ್‌ಐ ಬೇಕಾಗುತ್ತದೆ. ಆ ಹಂತದಲ್ಲಿ ಸಿಕ್ಕಿಬಿದ್ದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ಎಕ್ಸ್‌ರೇ ನೋಡಿ ‘ಏನೂ ಇಲ್ಲ’ ಎಂದುಕೊಂಡು ಮರುವಾರ ಎಸೆದವನದು ಉದ್ದದ ದಾರಿ.

ಶೈಲಿಯ ಮಾತೂ ಇದೆ, ಅದನ್ನು ಇಲ್ಲಿ ಪೂರ್ತಿ ಬಿಡಿಸುವುದಿಲ್ಲ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ಇಟ್ಟು ಎಸೆಯುವ ಮಿಶ್ರ ಶೈಲಿ ಬೆನ್ನಿಗೆ ಹೆಚ್ಚು ಹಾನಿ ಎಂದು ಆಸ್ಟ್ರೇಲಿಯಾದ ಸಂಶೋಧಕರು ದಶಕಗಳ ಹಿಂದೆಯೇ ತೋರಿಸಿದರು. 1973ರಲ್ಲಿ ಬೆನ್ನು ಮುರಿದುಕೊಂಡ ಡೆನಿಸ್ ಲಿಲ್ಲಿ ತಮ್ಮ ಶೈಲಿಯನ್ನು ತಿದ್ದಿಕೊಂಡೇ ಮರಳಿದವರು. ಅದೇ ಲಿಲ್ಲಿ 1987ರಲ್ಲಿ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ವೇಗದ ಬೌಲರ್ ಆಗಬೇಕೆಂದು ಹೋದ ದಾದರಿನ ಹುಡುಗನೊಬ್ಬನಿಗೆ ಬ್ಯಾಟಿಂಗ್ ನೋಡಿಕೋ ಎಂದರು. ಆ ಹುಡುಗ ತೆಂಡೂಲ್ಕರ್. ಭಾರತದ ಕ್ರಿಕೆಟ್ಟಿಗೆ ಸಿಕ್ಕ ವರ್ಕ್‌ಲೋಡ್ ಸಲಹೆಗಳಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ನೆಟ್ಸ್‌ನ ಆ ಮುನ್ನೂರು ಚೆಂಡುಗಳನ್ನು ಕಡಿಮೆ ಮಾಡಲು ಉಪಾಯ ಈಗಾಗಲೇ ಇದೆ, ಅದನ್ನು ಪ್ರಸಿದ್ಧಿಗೆ ತಂದವರಲ್ಲಿ ನಮ್ಮ ಉತ್ತರ ಕನ್ನಡದವರೊಬ್ಬರೂ ಇದ್ದಾರೆ. ಭಾರತ ತಂಡದ ಜೊತೆ ಊರೂರು ತಿರುಗುವ ಕುಮಟಾದ ರಾಘವೇಂದ್ರ, ಆಟಗಾರರ ಬಾಯಲ್ಲಿ ‘ರಘು’. ಉದ್ದ ಹಿಡಿಯ ಸೈಡ್‌ಆರ್ಮ್ ಎಂಬ ಪ್ಲಾಸ್ಟಿಕ್ ಸೌಟಿನಿಂದ ಅವರು ಚೆಂಡು ತೂರಿದರೆ ಕೊಹ್ಲಿಯಂಥವರಿಗೂ ವೇಗದ ಬೌಲಿಂಗ್‌ನ ಅಭ್ಯಾಸವಾಗುತ್ತದೆ, ಬುಮ್ರಾ ಕೂತು ನೀರು ಕುಡಿಯಬಹುದು. ಬ್ಯಾಟರ್‌ಗೆ ನೂರು ಚೆಂಡು ಬೇಕೆಂದರೆ ನೂರನ್ನೂ ಹದಿನೈದರ ಬೌಲರ್ ಎಸೆಯಬೇಕಿಲ್ಲ. ದಾದರಿನ ಅಕಾಡೆಮಿಗಳ ನೆಟ್ಸ್‌ಗಳಲ್ಲೂ ಇವು ಕಾಣುತ್ತಿವೆ, ಇನ್ನೂ ಹೆಚ್ಚು ಕಾಣಬೇಕು. ತೂರುವವನಿಗೂ ಭುಜವಿದೆ ಎಂಬುದನ್ನು ಮರೆಯದಿದ್ದರೆ ಸಾಕು.

ಸಂಸ್ಥೆಗಳು ನಿಯಮ ಮಾಡಲಿ ಎಂದು ಕಾಯುವುದು ಬೇಡ. ದೊಡ್ಡವರ ರಣಜಿ ಪಂದ್ಯಗಳ ನಡುವೆ ಮೂರೇ ದಿನ ಬಿಡುವು ಸಾಲದು, ಹೀಗೇ ಹೋದರೆ ದೇಶದ ತುಂಬ ಗಾಯಾಳುಗಳಾಗುತ್ತಾರೆ ಎಂದು ಶಾರ್ದೂಲ್ ಠಾಕೂರ್ 2024ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಹೇಳಬೇಕಾಗಿ ಬಂತು. ಪಾಲ್ಘರ್‌ನಿಂದ ಲೋಕಲ್ ಹಿಡಿದು ಬೆಳೆದ, ದೇಶಕ್ಕಾಡಿದ ಬೌಲರ್‌ಗೇ ಆ ಗತಿ ಎಂದ ಮೇಲೆ ಹದಿನೈದರವನ ಮಾತನ್ನು ಕೇಳುವವರಾರು?

ಹಾಗಾಗಿ ಕಟ್ಟೆಯ ಮೇಲೆ ಕೂರುವ ಅಪ್ಪ ಅಮ್ಮಂದಿರಿಗೆ ಒಂದು ಬೇಡಿಕೆ. ಮಗ ವೇಗದ ಬೌಲರ್ ಆದರೆ ನಲವತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಶಾಲೆ, ಅಕಾಡೆಮಿ, ಕ್ಲಬ್, ಗಲ್ಲಿಯ ಟೆನಿಸ್ ಬಾಲ್, ಎಲ್ಲಿ ಎಸೆದರೂ ರಾತ್ರಿ ಊಟಕ್ಕೆ ಮೊದಲು ಆ ದಿನದ ಚೆಂಡುಗಳನ್ನು ಅವನೇ ಬರೆಯಲಿ, ನೆಟ್ಸ್‌ನವೂ ಸೇರಿ. ಭಾನುವಾರ ಕೂಡಿಸಿ. ಈ ವಾರದ ಮೊತ್ತ ಕಳೆದ ನಾಲ್ಕು ವಾರಗಳ ಸರಾಸರಿಗಿಂತ ಬಹಳ ಮೇಲೆ ಹೋಗಿದ್ದರೆ ಪುಸ್ತಕವನ್ನು ಕೋಚ್ ಮುಂದೆ ಇಡಿ. ಪರೀಕ್ಷೆ ಮುಗಿದ ಮೊದಲ ವಾರ ಎಸೆಯುವುದು ಮಾಮೂಲಿನ ಅರ್ಧಕ್ಕಿಂತ ಕಡಿಮೆಯಿರಲಿ. ಒಳ್ಳೆಯ ಕೋಚ್ ಪುಸ್ತಕ ನೋಡಿ ಖುಷಿಪಡುತ್ತಾರೆ. ಪುಸ್ತಕ ನೋಡಿ ಸಿಡುಕುವವರಾದರೆ, ಶಿವಾಜಿ ಪಾರ್ಕಿನಲ್ಲಿ ಬೇರೆ ನೆಟ್ಸ್‌ಗಳಿಗೇನೂ ಕೊರತೆಯಿಲ್ಲ.